ಸಾವಕ್ಕನ ಡಿಸ್ಚಾರ್ಜ್ ಚೀಟಿ

"ಸೀರಿ ನೇಯೋರ ಮನಿ ಹುಡುಗಿ, ಹತ್ತನೇ ಇಯತ್ತೆನೂ ಮುಗಿಸಿಲ್ಲ. ಕಂಪ್ಯೂಟರ್ ಅಕಿ ಕೈಗೆ ಸಿಗತೈತೇನು?" ಎಂದಿದ್ದ ನಮ್ಮ ಕಲ್ಲಣ್ಣ ಮಾವ. ಬೆಟಗೇರಿಯ ನಮ್ಮ ಓಣಿಯಲ್ಲಿ, ಮಂದಿಯೆಲ್ಲ ಕೇಳುವ ಹಾಗೆ. ನಾನು ರದ್ದಿ ಅಂಗಡಿಯಿಂದ ಹಳೆಯ ಪುಸ್ತಕ ತಂದು, ಪಕ್ಕಕ್ಕೆ ಡಿಕ್ಷನರಿ ಇಟ್ಟುಕೊಂಡು ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಕಲಿತೆ. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ, ನಾನು ಯಾರೋ ಅಂದದ್ದಕ್ಕೆ ಹೆದರುವವಳಲ್ಲ. ಇಂಥ ದೆವ್ವದ ಕಥೆಗಳು ಯಾವಾಗಲೂ ಯಾರದೋ ಅತ್ತೆಯ ಮಗಳಿಗೆ ಆಗಿರುತ್ತವೆ. ಇದು ನನಗೇ ಆದದ್ದು.

ಮುಂಡರಗಿಯಿಂದ ಹಮ್ಮಿಗಿಗೆ ಹೋಗುವ ರಸ್ತೆಯಲ್ಲಿ ಒಂದು ಖಾಸಗಿ ಆಸ್ಪತ್ರೆ. ಹೆಸರು ಬೇಡ. ಅಲ್ಲಿ ರೋಗಿಗಳ ದಾಖಲೆಯೆಲ್ಲ ಒಂದು ಲಿನಕ್ಸ್ ಸರ್ವರಿನಲ್ಲಿ, ಅಂದರೆ ಉಳಿದವನ್ನೆಲ್ಲ ನಡೆಸುವ ದೊಡ್ಡ ಕಂಪ್ಯೂಟರಿನಲ್ಲಿ. ಯಾವ ವಾರ್ಡಿನಿಂದ ಚೀಟಿ ಕೊಟ್ಟರೂ ಅದು ಮೊದಲು ಸರ್ವರಿಗೆ ಬಂದು, ಸರದಿಯಲ್ಲಿ ನಿಂತು, ಆಮೇಲೆ ಆ ವಾರ್ಡಿನ ಪ್ರಿಂಟರಿಗೆ ಹೋಗಬೇಕು. ಹಳೆಯ ಪ್ರಿಂಟರುಗಳನ್ನು ತೆಗೆದು ಹೊಸವನ್ನು ಹೊಂದಿಸುವ ಕೆಲಸ ನನಗೆ ಸಿಕ್ಕಿತ್ತು. ಹಗಲು ಮುಟ್ಟುವ ಹಾಗಿಲ್ಲ, ರಾತ್ರಿಯೇ ಆಗಬೇಕು. ಬೆಳಗ್ಗೆ ಬಾಗಿಲು ತೆಗೆದಾಗ ಒಂದು ಚೀಟಿ ನಿಂತರೂ ಕೆಲಸ ಹುಬ್ಬಳ್ಳಿಯ ಕಂಪನಿಯವರಿಗೆ ಎಂದು ಮ್ಯಾನೇಜರ್ ಸುಭಾಷ ಹೇಳಿ ಮನೆಗೆ ಹೋದ. ಇಲ್ಲಿ ಸೋತರೆ ಲಕ್ಷ್ಮೇಶ್ವರ, ಶಿರಹಟ್ಟಿಯ ಆಸ್ಪತ್ರೆಗಳೂ ನನ್ನನ್ನು ಒಳಗೆ ಬಿಡುವುದಿಲ್ಲ. ಅದು ನನಗೆ ಗೊತ್ತಿತ್ತು.

ಸರ್ವರ್ ಇದ್ದದ್ದು ಹಿಂದಿನ ಹಳೆಯ ಕಟ್ಟಡದಲ್ಲಿ. ಅಲ್ಲಿಂದ ವಾರ್ಡಿಗೆ ಹೋಗಲು ಕತ್ತಲ ಅಂಗಳ ದಾಟಬೇಕು. ನಡುವೆ ಕಬ್ಬಿಣದ ಜಾಳಿಗೆ ಮುಚ್ಚಿದ ಬಾವಿ. ಅದರ ಪಕ್ಕ ಆಲದ ಮರ, ಬುಡಕ್ಕೆ ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ಒಬ್ಬ ಮುದುಕಿ, ಮಡಿಲಲ್ಲಿ ಬಟ್ಟೆಯ ಗಂಟು. ಗಾಳಿ ಇರಲಿಲ್ಲ... ಆದರೂ ಬಾವಿಯ ಜಾಳಿಗೆ ಕಿರ್ರ್... ಕಿರ್ರ್... ಎನ್ನುತ್ತಿತ್ತು.

"ಚೀಟಿ ಬಂತೇನ ಯವ್ವಾ?" ಪಿಸುದನಿ.

ಯಾವುದೋ ರೋಗಿಯ ಕಡೆಯವಳು ಎಂದುಕೊಂಡೆ. "ಬರತೈತಿ ಆಯಿ. ಕುಂಡ್ರು," ಎಂದು ದಾಟಿದೆ.

ಹೆಂಗಸರ ವಾರ್ಡಿನ ಪ್ರಿಂಟರ್ ಹೋದ ವರ್ಷವೇ ಕೆಟ್ಟಿತ್ತು. ಅಲ್ಲಿಯ ಚೀಟಿಗಳನ್ನು ಪಕ್ಕದ ವಾರ್ಡಿಗೆ ತಿರುಗಿಸಿದ್ದರು. ಕೆಟ್ಟ ಪ್ರಿಂಟರಿನ ಹೆಸರು ಮಾತ್ರ ಸರ್ವರಿನಲ್ಲಿ ಹಾಗೆಯೇ ಉಳಿದಿತ್ತು. ಬೇರೆಯವರಾದರೆ ಅದನ್ನು ಅಳಿಸಿ ಹೊಸ ಹೆಸರು ಕೊಡುತ್ತಿದ್ದರು. ನಾನು ಮಗ್ಗದ ಮನೆಯವಳು. ಸೀರೆ ಕೊಯ್ದ ಮೇಲೂ ನಾವು ಮಗ್ಗದಲ್ಲಿ ಹಳೆಯ ಹಾಸಿನ ಉದ್ದದ ಎಳೆಗಳ ತುದಿಯನ್ನು ಬಿಟ್ಟಿರುತ್ತೇವೆ, ಹೊಸ ಹಾಸನ್ನು ಅವಕ್ಕೇ ಗಂಟು ಹಾಕುತ್ತೇವೆ. ಹಾಗೆ ಹಳೆಯ ಹೆಸರಿಗೇ ಹೊಸ ಪ್ರಿಂಟರನ್ನು ಜೋಡಿಸಿದೆ.

ಜೋಡಿಸಿದ ಕೂಡಲೇ ಆ ಹೆಸರಿನ ಸರದಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ಚೀಟಿ ಕಾಣಿಸಿತು. ಹೋದ ವರ್ಷದ್ದು. ರದ್ದು ಮಾಡಿದೆ. ಹೋಯಿತು... ಮತ್ತೆ ಬಂತು. ಸರದಿಯನ್ನು ಪೂರಾ ಬಳಿದು ಹಾಕಿದೆ. ಖಾಲಿ ಎಂದು ತೋರಿಸಿತು. ನೋಡುತ್ತಿದ್ದಂತೆ ಅದೇ ಚೀಟಿ. ಪ್ರಿಂಟಿಂಗ್ ನಡೆಸುವ ಪ್ರೋಗ್ರಾಮನ್ನೇ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಅದೇ ಚೀಟಿ, ಎಲ್ಲಕ್ಕಿಂತ ಮುಂದೆ. ಅದರ ಹಿಂದೆ ನನ್ನ ಪರೀಕ್ಷೆಯ ಒಂದು ಪುಟವೂ ಕದಲಲಿಲ್ಲ.

ಹಟಕ್ಕೆ ಬಿದ್ದು ಅಳಿಸಿದೆ, ಅಳಿಸಿದೆ. ಹೊರಗೆ ಹಾಲಿನ ಗಾಡಿ ಹೋದ ಸದ್ದಾಯಿತು. ಇನ್ನು ಹೊತ್ತಿರಲಿಲ್ಲ. ಹೋಗಲಿ, ಪ್ರಿಂಟ್ ಆಗಿ ತೊಲಗಲಿ ಎಂದು ಅದಕ್ಕೆ ದಾರಿ ಬಿಟ್ಟು, ಹೆಂಗಸರ ವಾರ್ಡಿಗೆ ಓಡಿದೆ. ಮುದುಕಿ ಅಲ್ಲೇ ಇದ್ದಳು. ಈ ಸಲ ಗಂಟು ಎತ್ತಿಕೊಂಡು ನಿಂತಿದ್ದಳು.

ವಾರ್ಡಿನಲ್ಲಿ ರಾತ್ರಿ ಪಾಳಿಯ ನರ್ಸ್ ಲಾಲಬಿ ಒಬ್ಬಳೇ. ಹೊಸ ಪ್ರಿಂಟರ್ ಲೇಸರಿನದು, ಕಾಗದ ಎಳೆದರೆ ಸುಂಯ್ ಎನ್ನಬೇಕು. ಅದು ಝರ್ಕ್... ಝರ್ಕ್... ಝರ್ಕ್... ಎಂದಿತು. ಸೂಜಿಗಳು ರಿಬ್ಬನ್ನನ್ನು ಕುಟ್ಟುವ ಸದ್ದು.

"ಅಕ್ಕಾರ, ಇದು ಹಳೇ ಪ್ರಿಂಟರಿನ ಸಪ್ಪಳ," ಎಂದಳು ಲಾಲಬಿ. ಎದ್ದು ಗೋಡೆಗೆ ಆತು ನಿಂತಳು.

ಚೀಟಿ ಹೊರಗೆ ಬಂತು. ಹೊಸ ಪ್ರಿಂಟರಿನಿಂದ ಮೊದಲು ಬಂದ ಪುಟದ ಕೆಳಗೆ 'ಸರಿ ಐತಿ' ಎಂದು ಬರೆದು ಸಹಿ ಹಾಕುವುದು ನನ್ನ ಪದ್ಧತಿ. ಕೆಲಸ ಮುಗಿದದ್ದಕ್ಕೆ ಅದೇ ಸಾಕ್ಷಿ. ಕೈ ತಾನಾಗಿ ಹೋಯಿತು. ಓದುವ ಮೊದಲೇ ಸಹಿ ಬಿದ್ದಿತ್ತು. ಹಿಂದೆಯೇ ತಡೆದು ನಿಂತ ಪುಟಗಳೆಲ್ಲ ಸುಂಯ್ ಸುಂಯ್ ಎಂದು ಬಂದವು. ಗೆದ್ದೆ ಎಂದುಕೊಂಡೆ.

ಲಾಲಬಿ ಮೊದಲ ಪುಟ ತೆಗೆದುಕೊಂಡು ನನ್ನ ಮುಂದೆ ಹಿಡಿದಳು. "ಎಲ್ಲಿ ಸಹಿ ಮಾಡೀರಿ, ನೋಡ್ರಿ."

ಡಿಸ್ಚಾರ್ಜ್ ಚೀಟಿ. ಸಾವಕ್ಕ, ಹಮ್ಮಿಗಿ. ಕೆಳಗೆ, 'ರೋಗಿಯನ್ನು ಮನೆಗೆ ಕರೆದೊಯ್ಯುವವರ ಸಹಿ'. ಅದರ ಮುಂದೆ ನನ್ನ ಹೆಸರು, ವಿದ್ಯಾಶ್ರೀ.

ಲಾಲಬಿ ಪಿಸುಗುಟ್ಟುತ್ತಲೇ ಹೇಳಿದಳು. ಹೋದ ವರ್ಷ ಈ ಸಾವಕ್ಕ ಎಂಬ ಮುದುಕಿ ಗುಣವಾಗಿ ಊರಿಗೆ ಹೊರಟಿದ್ದಳಂತೆ. ಅದೇ ರಾತ್ರಿ ಪ್ರಿಂಟರ್ ಕೆಟ್ಟಿತು. ಚೀಟಿ ಇಲ್ಲದೆ ಕಾವಲುಗಾರ ಗೇಟು ತೆಗೆಯಲಿಲ್ಲ. ಆಲದ ಕಟ್ಟೆಯ ಮೇಲೆ ಕೂತಳು. ಮಗ ಡಾಕ್ಟರನ್ನು ಹುಡುಕಿ, ಕೈಯಲ್ಲೇ ಚೀಟಿ ಬರೆಸಿ ತರುವಷ್ಟರಲ್ಲಿ... ಕೂತಲ್ಲೇ ಹೋಗಿದ್ದಳು.

"ಮತ್ತ ಈಗ ಕಟ್ಟಿ ಹತ್ರ ನಿಂತಾಕಿ ಯಾರು?" ಎಂದೆ.

ಲಾಲಬಿ ಕಿಟಕಿಯ ಕಡೆ ತಿರುಗಲಿಲ್ಲ. "ರಾತ್ರಿ ಅಂಗಳಕ್ಕ ನಾವು ಯಾರೂ ಹೋಗೂದಿಲ್ರಿ."

ಬೆಳಗಾಯಿತು. ಸುಭಾಷ ಬಂದು ಎಲ್ಲ ವಾರ್ಡುಗಳನ್ನೂ ಸುತ್ತಿ, ತಲೆ ಆಡಿಸಿ, ಕೆಲಸ ನಿನ್ನದೇ ಎಂದ. ಕಟ್ಟೆ ಖಾಲಿ ಇತ್ತು. ಸ್ಕೂಟರ್ ಹತ್ತಿ ಕಿಕ್ ಹೊಡೆದೆ. ಹಿಂದಿನ ಸ್ಪ್ರಿಂಗು ಕುಯ್ಕ್ ಎಂದು ಕೆಳಗಿಳಿಯಿತು... ಹೆಗಲ ಮೇಲೆ ಹಗುರವಾದ ಕೈ, ಹಿಂದೆ ಕೂತ ಹೆಂಗಸರು ಹಿಡಿದುಕೊಳ್ಳುವ ಹಾಗೆ.

ನನ್ನ ಮನೆಯ ಕಡೆಯ ಗದಗಿನ ದಾರಿ ಬಿಟ್ಟು ಹಮ್ಮಿಗಿಗೆ ಹೋದೆ. ಹೊಳೆಯ ಹತ್ತಿರ ಗಾಡಿ ನಿಲ್ಲಿಸಿ, ಹಿಂದೆ ನೋಡದೆ ಹೇಳಿದೆ: "ಇಳಿ ಆಯಿ. ನಿಮ್ಮೂರ ಬಂತು."

ಹೊಳೆಯ ನೀರು ದಡಕ್ಕೆ ಚಪ್... ಚಪ್... ಎನ್ನುತ್ತಿತ್ತು. ಸ್ಪ್ರಿಂಗು ಏಳಲಿಲ್ಲ.

"ಸಹಿ ಮಾಡಿದಾಕಿ ನೀನ ಹೌದಲ್ಲ," ಎಂದಿತು ಕಿವಿಯ ಹತ್ತಿರದ ದನಿ. "ನಡಿ, ನಿನ್ನ ಮನಿಗೆ."

ಮೆಕ್ಯಾನಿಕ್ ಅಲ್ಲಾಉದ್ದೀನ ಆ ಹಿಂದಿನ ಸ್ಪ್ರಿಂಗನ್ನು ಆಮೇಲೆ ಮತ್ತೆ ಮತ್ತೆ ಬದಲಿಸಿದ್ದಾನೆ. ಒಬ್ಬರೇ ಓಡಿಸುವ ಗಾಡಿಯಲ್ಲಿ ಅದು ಹೀಗೆ ಕುಸಿದು ಕೂರುವುದಿಲ್ಲ ಎನ್ನುತ್ತಾನೆ. ನಾನು ಯಾರನ್ನೂ ಹಿಂದೆ ಹತ್ತಿಸಿಕೊಳ್ಳುವುದಿಲ್ಲ. ಬೇಕಾದರೆ ಅವನನ್ನೇ ಕೇಳಿ, ನಾನು ಸುಳ್ಳು ಹೇಳುವವಳಲ್ಲ.

ಈಗ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಆಸ್ಪತ್ರೆಗಳ ಕೆಲಸ ನನ್ನದು. ಬೆಟಗೇರಿಯ ಅಂಗಡಿ ನನ್ನದು, ಅದರ ಮೇಲಿನ ಮನೆಯೂ ನನ್ನದು. ಆ ಮನೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಇರಬೇಕೆಂದೇ ಇಷ್ಟೆಲ್ಲ ದುಡಿದೆ. ಆ ಒಬ್ಬಳೇ ಇರುವುದೊಂದು ಮಾತ್ರ ಹೋಯಿತು.