ಗುಂಯ್ ಅನ್ನೂದು ನಿಂತಿದ್ದು

...ಸೀರಿ ಆಮ್ಯಾಲ ಉಟ್ಕೋತೇನಿ ಅಕ್ಕಾ, ಗಂಡಿನವರು ನೋಡಾಕ ಬರೂದು ಐದಕ್ಕ. ಇನ್ನ ಟೈಮ್ ಐತಿ. ಮೊದ್ಲ ಬಾಗಿಲಾ ಮುಂದ ಮಾಡಿ ಕುಂದ್ರು. ಮಲ್ಲಿಗಿ ಅಲ್ಲಿಡು... ಅಯ್ಯ, ಅದರ ಮ್ಯಾಲ ಬ್ಯಾಡ, ಬಣ್ಣಾ ಇನ್ನ ಹಸಿ ಐತಿ.

ಅದಾ? ಆಂಪ್ಲಿಫೈಯರ್. ಹಾಡು ಕೇಳಾಕ. ನಾ ಮಾಡಿದ್ದು, ಖರೇನ, ಈ ಕೈಲೆ. ಬಣ್ಣಾ ಹಚ್ಚಾಕ ಮನಿಗೆ ತಂದೇನಿ. ಯಾಕ ನಗತಿ? ಮಕ್ಕಳಿಗೆ ಫಿಸಿಕ್ಸ್ ಕಲಿಸಾಕಿ ಒಂದ ಆಂಪ್ಲಿಫೈಯರ್ ಮಾಡಬಾರದೇನು? ಆತು, ಆ ಪ್ರಸಾದನ ಮನಿಯವರ ಮುಂದ ಇದರ ಸುದ್ದಿ ತಗಿಯೂದಿಲ್ಲ. ಆದ್ರ ನಿನ್ನ ಮುಂದ ಹೇಳದಿದ್ರ ನನ್ನ ಹೊಟ್ಟಿ ಒಡಿತೈತಿ.

ನಮ್ಮ ಕಾಲೇಜಿನ್ಯಾಗ ಪೂನಮ್ ಅಂತ ಇದ್ದಾಳಲ್ಲ, ಹಿಂದಿ ಕಲಿಸಾಕಿ, ಬೈರಿದೇವರಕೊಪ್ಪದಾಕಿ. ಅವರ ಮನ್ಯಾಗ ಎರಡು ದೊಡ್ಡ ಸ್ಪೀಕರ್ ಸುಮ್ನ ಬಿದ್ದಿದ್ವು. ಇವಕ್ಕೊಂದು ಆಂಪ್ಲಿಫೈಯರ್ ಮಾಡೂಣು ಅಂತ ಮಾತಾತು. ರವಿವಾರ ಬಂತಂದ್ರ ನಾ ಅಲ್ಲೇ. ಹೌದು, ಪೇಪರ್ ತಿದ್ದಾಕ ಹೊಂಟೇನಿ ಅಂತ ಅವ್ವಗ ಹೇಳತಿದ್ನಲ್ಲಾ, ಅದ ಇದು.

ಎಲ್ಲಾ ಜೋಡಿಸಿ ಚಾಲೂ ಮಾಡಿದ್ವಿ. ಗುಂಯ್... ಹಾಡಿನ ಕೆಳಗ ಒಂದ ಸಮನ ಗುಂಯ್ ಅನ್ನೂ ಸದ್ದು, ಡಬ್ಬ್ಯಾಗ ದುಂಬಿ ಹೊಕ್ಕಂಗ. ಯಾಕ ಹೇಳು? ಗ್ವಾಡ್ಯಾಗಿನ ಕರೆಂಟು ಒಂದ ಸಮ ಬರೂದಿಲ್ಲ, ಏರತೈತಿ, ಇಳಿತೈತಿ. ಅದನ್ನ ಹಿಡದು ಸಮಾ ಮಾಡಿ ಕೊಡಾಕ ಕೆಪ್ಯಾಸಿಟರ್ ಬೇಕು, ಅಂಗಡ್ಯಾಗ ಕಂಡೆನ್ಸರ್ ಅಂತಾರ. ಈಗ ನೋಡು, ನಮ್ಮೂರಾಗ ನೀರು ಯಾವಾಗೋ ಒಮ್ಮೆ ಬರತೈತಿ, ಆದ್ರ ನಿನ್ನ ಅಡಿಗಿಮನಿ ನಳಾ ದಿನಾ ಹರಿತೈತಿ. ಹೆಂಗ? ಮ್ಯಾಲ ಟಾಕಿ ಐತಿ. ಹಂಗ ಇದು. ಕರೆಂಟಿನ ಟಾಕಿ.

ಪೂನಮ್ ಅಂದ್ಲು, ಹಂಗಾದ್ರ ಎಲ್ಲಾಕ್ಕಿಂತ ದೊಡ್ಡದ ಹಾಕೂಣ್ರಿ. ಚಹಾಪುಡಿ ಡಬ್ಬಿಯಷ್ಟು ದೊಡ್ಡದು ತಂದ್ಲು. ಬ್ಯಾಡ್ರಿ, ಅಷ್ಟು ದೊಡ್ಡ ಟಾಕಿ ಖಾಲಿ ಇದ್ರ ಚಾಲೂ ಮಾಡಿದ ಕೂಡ್ಲೆ ಇದ್ದಬದ್ದ ಕರೆಂಟೆಲ್ಲಾ ಒಮ್ಮೆಲೆ ಎಳಕೋತೈತಿ, ಫ್ಯೂಜ್ ಹೋಗತೈತಿ ಅಂದೆ. ಕೇಳಲಿಲ್ಲ. ಬಟನ್ ಒತ್ತಿದ್ದ ತಡ, ಫಟ್. ಅವರ ಅವ್ವ ಸಾವಂತ್ರೆವ್ವ ರೊಟ್ಟಿ ಹಿಟ್ಟಿನ ಕೈಲೆ ಓಡಿ ಬಂದು, ಮನ್ಯಾಗ ಪಟಾಕಿ ಯಾರು ಹಚ್ಚಿದ್ರು ಅಂತ ಬೈದ್ರು.

ಆವಾಗ ನನ್ನ ಕಡೆ ತಿರುಗಿ ಅಂದ ಮಾತು ಏನು ಗೊತ್ತೇನು? "ತಪ್ಪಾತ್ರಿ. ನಿಮ್ಮದ ಖರೇ." ಇಷ್ಟ. ಸಿಟ್ಟಿಲ್ಲ, ಸಣ್ಣ ಮಾರಿ ಇಲ್ಲ. ನಮ್ಮ ಮನ್ಯಾಗ ಯಾರರ ಹಂಗ ಅಂದದ್ದು ಕೇಳೀಯೇನು? ಅಪ್ಪಾ? ನಿಮ್ಮ ಮನಿಯವರು? ...ನೋಡು, ನೀನೂ ನಕ್ಕಿ.

ಎರಡನೇ ಜಗಳಾ ವೋಲ್ಟಿಂದು. ಕೆಪ್ಯಾಸಿಟರಿನ ಮೈಮ್ಯಾಲ ಎಷ್ಟು ವೋಲ್ಟ್ ತಡಿತೈತಿ ಅಂತ ಬರದಿರತಾರ. ಲೆಕ್ಕದ ಪ್ರಕಾರ ಮೂವತ್ತೈದು ಸಾಕು ಅಂತ ಅವರ ವಾದ. ಐವತ್ತರದ್ದ ಬೇಕು ಅಂತ ನನ್ನ ಹಟಾ, ಕರೆಂಟು ಜಾಸ್ತಿ ಬಂದ ದಿನ ಅದರ ಹೊಟ್ಟಿ ಉಬ್ಬಿ ಒಡಿತೈತಿ. ಮೀಟರ್ ಹಚ್ಚಿ ತೋರಿಸಿದೆ, ಮೂವತ್ತೆಂಟು. ಮತ್ತ ಅದ ಮಾತು, ನಿಮ್ಮದ ಖರೇ. ನನಗ ನಗು ತಡಕೊಳ್ಳಾಕ ಆಗಲಿಲ್ಲ.

ಹಿಂದಿ ಕಲಿಸಾಕಿಗೆ ಈ ಲೆಕ್ಕಾ ಎಲ್ಲಾ ಹೆಂಗ ಗೊತ್ತು ಅಂತೀ? ...ಆಸಕ್ತಿ, ಅಕ್ಕಾ. ಆಸಕ್ತಿ ಇದ್ರ ಬರತೈತಿ. ನಡುವ ಬಾಯಿ ಹಾಕಬ್ಯಾಡ.

ಆಮ್ಯಾಲ ಒಂದ ದೊಡ್ಡದರ ಬದ್ಲಿ ಎರಡು ಮಧ್ಯಮ ಗಾತ್ರದ್ದು ಹಾಕಿ, ನಡುವ ಒಂದು ಸಣ್ಣ ರೆಸಿಸ್ಟರ್ ಹಚ್ಚಿದ್ವಿ. ಮೊದಲನೇದ್ರಾಗ ಉಳದ ಏರಿಳಿತಾನ ಎರಡನೇದು ಹಿಡಿತೈತಿ, ಚಹಾ ಎರಡ ಸಲ ಸೋಸಿದಂಗ. ಗುಂಯ್ ಬಾಳ ಕಡಿಮಿ ಆತು, ಪೂರ್ತಿ ಹೋಗಲಿಲ್ಲ. ಹೋದ ರವಿವಾರ ಪೂರಾ ಕುಂತು ಹುಡುಕಿದ್ವಿ. ಕಡೀಕ ನೋಡಿದ್ರ ಗ್ರೌಂಡಿನ ವೈರ್ ಒಂದೊಂದು ಒಂದೊಂದು ಕಡೆ ಕಟ್ಟೇವಿ. ಎಲ್ಲಾ ಬಿಚ್ಚಿ ಒಂದ ಜಾಗಾದಾಗ ಕೂಡಿಸಿದೆ. ಚಾಲೂ ಮಾಡಿದ್ರ ಏನೂ ಸದ್ದಿಲ್ಲ. ಕೆಟ್ಟತೋ ಏನೋ ಅನಿಸ್ತು. ದೀಪಾ ನೋಡಿದ್ರ ಹತ್ತೈತಿ. ಇಬ್ರೂ ಒಂದ ಸ್ಪೀಕರಿಗೆ ಕಿವಿ ಹಚ್ಚಿ ಕುಂತ್ವಿ. ಫ್ಯಾನ್ ಬಂದ್ ಮಾಡಿದ್ವಿ. ಉಸರ ಸೈತ ಹಿಡದ್ವಿ. ಏನೂ ಇಲ್ಲ, ಎಲ್ಲಾ ತಣ್ಣಗ... ಆವಾಗ ನನ್ನ ಮಾರಿ ನೋಡಿ ನಕ್ಕ.

...ಯಾಕ? ಯಾಕ ಹಂಗ ನೋಡಾಕತ್ತಿ?

ನಕ್ಲು. ನಕ್ಲು ಅಂದೆ ನಾ.

...ನಕ್ಕ ಅಂದೆನಾ?

ಪೂನಮ್ ಅದಾಳ ಅಕ್ಕಾ, ಆಕಿ ಸುಳ್ಳಲ್ಲ. ಪ್ರತಿ ರವಿವಾರ ಚಹಾ ಮಾಡಿ ಕೊಟ್ಟಾಕಿ ಆಕಿನ. ಬರೇ ಚಹಾ... ನಗಬೇಕಲ್ಲ ನೀ. ಇಷ್ಟೊತ್ತು ನಗತಿದ್ದಿ.

ನನ್ನ ಜೋಡಿ ಕುಂತು ಮಾಡಿದಾವ ಆಕಿ ಅಣ್ಣ. ಪ್ರಬುದ್ಧ ಅಂತ. ಧಾರವಾಡದಾಗ ಸರಕಾರಿ ಹೈಸ್ಕೂಲಿನ್ಯಾಗ ಗಣಿತ ಕಲಿಸ್ತಾನ. ಹೌದು, ಬೌದ್ಧರ ಮನಿ. ನಮ್ಮವರಲ್ಲ. ಅಪ್ಪಾ ಏನಂತಾನ ಅನ್ನೂದು ನನಗೂ ಗೊತ್ತೈತಿ, ಅದಕ್ಕ ಈ ಮನ್ಯಾಗ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಲಗ್ನದ ಮಾತು ತಗದಾವ ಅವನ, ನಾ ಅಲ್ಲ. ಹೂಂ ಅಂದೇನಿ. ಆದ್ರ ಮನ್ಯಾಗ ಹೇಳಾಕ ಸ್ವಲ್ಪ ದಿನಾ ತಡೀರಿ ಅಂದಿದ್ದೆ. ಅಷ್ಟರಾಗ ಅಪ್ಪಾ ಇವತ್ತಿಂದು ಗಟ್ಟಿ ಮಾಡಿಬಿಟ್ಟ. ಮುಂಜಾನಿಂದ ನಗಾಕತ್ತೇನಿ ಅಕ್ಕಾ, ನಿಂತ್ರ ಅಳು ಬರತೈತಿ ಅಂತ ಮಾತಾಡಾಕತ್ತೇನಿ.

ಏನರ ಅನ್ನು ಅಕ್ಕಾ. ಬೈದ್ರೂ ನಡಿತೈತಿ.

...ಎಲ್ಲಿಗೆ ಹೊಂಟಿ? ಕೆಳಗ? ಅಪ್ಪನ ಹತ್ರಾ? ತಡಿ, ನೀ ಹೇಳಬ್ಯಾಡ... ಕೈ ಬಿಡು, ಅಷ್ಟು ಗಟ್ಟಿ ಹಿಡದ್ರ ಬಳಿ ಒಡಿತಾವು. ನನ್ನೂ ಕರಕೊಂಡ ಹೊಂಟೀಯೇನು? ನೀ ಬರತೀ? ನನ್ನ ಬಾಜೂಕ ನಿಂದ್ರತೀ?

ಹಂಗಾದ್ರ ನಡಿ. ನಾನ ಹೇಳ್ತೇನಿ. ಆ ಪ್ರಸಾದನ ಮನಿಯವರು ಇನ್ನ ಹೊಂಟಿರಾಕಿಲ್ಲ.