ಅಜ್ಜಿ ಬಂದರೆ ಪ್ರಶ್ನೆ ಬರುತ್ತೆ

ವೇದಿಕೆಯ ನಡುವೆ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ಅಧ್ಯಕ್ಷರೇ, ಅತಿಥಿಗಳಾಗಿ ಬಂದಿರುವ ಹಿರಿಯ ವೈದ್ಯರೇ, ನಮ್ಮ ಮಕ್ಕಳ ಆಸ್ಪತ್ರೆಯ ಸಿಸ್ಟರುಗಳೇ, ಆಯಾಗಳೇ, ಮಕ್ಕಳನ್ನು ಎತ್ತಿಕೊಂಡೇ ಬಂದಿರುವ ತಂದೆತಾಯಿಯರೇ, ಸಭಿಕರೇ,

ಬೀಳ್ಕೊಡುಗೆಯ ದಿನ ಎಲ್ಲರೂ ಒಳ್ಳೆಯದನ್ನೇ ಹೇಳುತ್ತಾರೆ. ನನ್ನ ಬಗ್ಗೆ ಇಷ್ಟು ಹೊತ್ತು ಕೇಳಿದ್ದೆಲ್ಲ ನಿಜವಾಗಿದ್ದರೆ ನೀವು ನನ್ನನ್ನು ಕಳಿಸಿಕೊಡಲೇಬಾರದಿತ್ತು. ಅಧ್ಯಕ್ಷರೇನೋ ಇನ್ನೆರಡು ವರ್ಷ ಇರಿ ಎಂದರು. ನಾನೇ ಬೇಡವೆಂದೆ. ಏಕೆ ಎಂದು ಕೇಳಿದವರಿಗೆ ಮಂಡಿನೋವು ಎಂದಿದ್ದೇನೆ.

ನಮ್ಮ ಕೋಣೆ ಮೇಲಿನ ಮಹಡಿಯ ಕೊನೆಯಲ್ಲಿದೆ. ‘ನಾನು ಹುಡುಗಿಯಲ್ಲ’, ‘ನಾನು ಹುಡುಗನಲ್ಲ’ ಎನ್ನುವ ಪುಟ್ಟ ಮಕ್ಕಳನ್ನು ಅಲ್ಲಿಗೆ ಕರೆತರುತ್ತಾರೆ. ಮಗು ಆಡಿಕೊಂಡೇ ಬರುತ್ತದೆ, ಬೆವರುವವರು ಅಪ್ಪ ಅಮ್ಮ. ಅಪ್ಪ ಕುರ್ಚಿಯ ತುದಿಯಲ್ಲಿ ಕೂತು ಕೇಳುತ್ತಾರೆ, “ಡಾಕ್ಟ್ರೇ, ಏನಾದ್ರೂ ಟಾನಿಕ್ ಇದ್ಯಾ?” ಇಲ್ಲ ಸ್ವಾಮಿ. ಈ ವಯಸ್ಸಿಗೆ ಇದಕ್ಕೆ ಮಾತ್ರೆಯೂ ಇಲ್ಲ, ಇಂಜೆಕ್ಷನ್ನೂ ಇಲ್ಲ. ಹಾಗಾದರೆ ನಾವು ಮಾಡುವುದೇನು? ಮಗು ಹೇಳುವುದನ್ನು ಕೇಳುತ್ತೇವೆ. ಗದರಬೇಡಿ, ಗೇಲಿ ಮಾಡಬೇಡಿ, ನೂಕಲೂ ಬೇಡಿ, ಎಳೆಯಲೂ ಬೇಡಿ ಎನ್ನುತ್ತೇವೆ. ನಾಳೆ ಈ ಮಗು ಏನೆನ್ನುತ್ತದೆ ಎಂದು ಇಂದೇ ಹೇಳಬಲ್ಲ ವೈದ್ಯರಿಲ್ಲ. ಅದು ಬಯಸಿದ ಹೆಸರನ್ನು ಶಾಲೆಯಲ್ಲೂ ಈಗಲೇ ಕರೆಯಬೇಕೇ, ಸ್ವಲ್ಪ ಕಾಯಬೇಕೇ ಎಂಬುದರಲ್ಲಿ ನಮ್ಮನಮ್ಮಲ್ಲೇ ಜಗಳವಿದೆ. ಊಟದ ಮೇಜಿನಲ್ಲಿ ಇಂದಿನ ಅತಿಥಿ ವೈದ್ಯರಿಗೂ ನನಗೂ ಆಗಿರುವ ಜಗಳವನ್ನು ಸಿಸ್ಟರುಗಳು ಬಲ್ಲರು. ಆದರೆ ಮಗು ಒಂಟಿಯಾಗಬಾರದು ಎಂಬಲ್ಲಿ ಇಬ್ಬರದೂ ಒಂದೇ ಮಾತು.

ಬಾಗಿಲಲ್ಲಿ ಹೆಸರು ಕೂಗುವ ನಮ್ಮ ಅಟೆಂಡರ್ ಅಣ್ಣನನ್ನು ನೀವು ಬಲ್ಲಿರಿ, ಅಡ್ಡಹೆಸರೇ ಧ್ವನಿವರ್ಧಕ. ನಮ್ಮ ಕೋಣೆಯ ಪದ್ಧತಿಯಂತೆ ಅವನು ಮಗುವನ್ನೇ ಕೇಳುತ್ತಾನೆ, “ಏನಂತ ಕೂಗ್ಲಿ ಪುಟ್ಟಾ?” ಒಂದು ಮಗು ‘ಟ್ರ್ಯಾಕ್ಟರ್’ ಎಂದಿತು. ಅಣ್ಣ ಇಡೀ ಮಹಡಿಗೆ ಕೇಳುವಂತೆ “ಟ್ರ್ಯಾಕ್ಟರ್ ಒಳಗೆ ಬರಬೇಕು” ಎಂದು ಕೂಗಿದ. ಆಗ ಆ ಮಗುವಿನ ಮುಖ ನೋಡಬೇಕಿತ್ತು. ಅಂಥ ಮುಖಗಳಿಗಾಗಿಯೇ ನಾನು ಇಷ್ಟು ವರ್ಷ ಮೆಟ್ಟಿಲು ಹತ್ತಿದೆ.

ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತಿದೆ. ನನ್ನ ಮಗಳ ಮಗುವಿಗೆ ಈಗ ಆರು ವರ್ಷ. ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಅದೂ ಒಂದು ದಿನ ಊಟ ಮಾಡುತ್ತಾ “ಅಮ್ಮಾ, ನಾನು ಹುಡುಗಿ ಅಲ್ಲ ಅನ್ಸುತ್ತೆ” ಎಂದಿತಂತೆ. ಮಗಳು ಹೆದರಲಿಲ್ಲ. “ಹೌದಾ? ನೀರು ಕುಡಿ, ನಿಧಾನವಾಗಿ ಹೇಳು” ಎಂದಳಂತೆ. ನಮ್ಮ ಕೋಣೆಯಲ್ಲಿ ನಾನು ಕಲಿಸುವುದೂ ಅಷ್ಟೇ. ಆದರೂ ನಾನು ಸಿಕ್ಕಿದ ಬಸ್ಸು ಹತ್ತಿ ಹೊರಟೆ.

ಹೋಗಿ ಮಾಡಿದ್ದೇನು? ನೆಲದ ಮೇಲೆ ಕೂತು ಮೊಮ್ಮಗುವಿನ ಜೊತೆ ಆಟವಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅದು ಗೊಂಬೆ ಎತ್ತಿದರೆ ನೋಡಿದೆ, ಗೊಂಬೆ ಇಟ್ಟು ಚೆಂಡು ಎತ್ತಿದರೂ ನೋಡಿದೆ. “ಆಗ ನಿನಗೆ ಹೇಗನ್ನಿಸ್ತು ಕಂದಾ?” ಎಂದೆ. ತಲೆ ಬಾಚುವಾಗ ಕೇಳಿದೆ, ಮಲಗಿಸುವಾಗಲೂ ಕೇಳಿದೆ. ಇನ್ನೊಂದು ಸಲ ಹೋದಾಗ ಮಗು ಮಂಚದ ಕೆಳಗೆ ಸೇರಿಕೊಂಡಿತು. “ಅಜ್ಜಿ ಬಂದ್ರೆ ಪ್ರಶ್ನೆ ಬರುತ್ತೆ” ಎಂದಿತು. ಮಗಳು ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು, “ಅಮ್ಮಾ, ಡಾಕ್ಟರನ್ನ ನಾವು ಇಲ್ಲೇ ಹುಡುಕ್ಕೋತೀವಿ. ಅಜ್ಜೀನ ಎಲ್ಲಿಂದ ತರೋಣ? ಅದು ತಾನಾಗಿ ಕರೆಯೋವರೆಗೂ ಬರಬೇಡ.”

ಸ್ನಾನ ಮುಗಿಸಿ ಓಡಿಬಂದು ಒದ್ದೆ ತಲೆಯನ್ನು ನನ್ನ ಮಡಿಲಿಗೇ ಒರೆಸಿಕೊಳ್ಳುತ್ತಿದ್ದ ಮಗು ಅದು. ನನಗೆ ಆ ತಲೆ ಬೇಕು. ಹುಡುಗಿಯಾಗಿ ಬರಲಿ, ಹುಡುಗನಾಗಿ ಬರಲಿ, ಟ್ರ್ಯಾಕ್ಟರಾಗಿಯೇ ಬರಲಿ, ಬಂದರೆ ಸಾಕು. ಮಂಡಿನೋವು ಸುಳ್ಳು, ಅಧ್ಯಕ್ಷರೇ.

ಮೊನ್ನೆ ಫೋನಿನಲ್ಲಿ ಮಗು ಸಿಕ್ಕಿತು. “ಅಜ್ಜಿ ಕೆಲಸ ಬಿಡ್ತಿದಾಳೆ ಪುಟ್ಟಾ. ಬರ್ಲಾ, ಆಟಕ್ಕೆ?” ಎಂದೆ. “ಯೋಚ್ನೆ ಮಾಡಿ ಹೇಳ್ತೀನಿ. ನೀನು ಮಾಡ್ಬೇಡ, ನಾನೇ ಫೋನ್ ಮಾಡ್ತೀನಿ” ಎಂದಿತು. ಎಷ್ಟೋ ತಾಯಂದಿರಿಗೆ ‘ಕಾಯಿರಿ’ ಎಂದು ಹೇಳಿ ಕಳಿಸಿದವಳು ನಾನು. ಕಾಯುವುದು ಇಷ್ಟು ಕಷ್ಟವೆಂದು ಅವರಲ್ಲಿ ಒಬ್ಬರೂ ನನಗೆ ಹೇಳಲಿಲ್ಲವಲ್ಲ.

ಫೋನುಗಳ ಸದ್ದು ನಿಲ್ಲಿಸಿ ಎಂದು ನಿರೂಪಕರು ಮೊದಲೇ ಕೇಳಿಕೊಂಡಿದ್ದರು. ನನ್ನದರ ಸದ್ದು ನಿಲ್ಲಿಸದೆ ಇಲ್ಲಿ ಮೈಕಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಅದು ರಿಂಗಾದರೆ ಮಾತನ್ನು ಅರ್ಧಕ್ಕೇ ಬಿಟ್ಟು ಎತ್ತಿಕೊಳ್ಳಬೇಕೆಂದಿದ್ದೆ. ಅದಕ್ಕೇ ಭಾಷಣವನ್ನು ಇಷ್ಟುದ್ದ ಎಳೆದೆ. ನೀವು ತಾಳ್ಮೆಯಿಂದ ಕೇಳಿದಿರಿ, ನಿಮಗೆಲ್ಲ ನಾನು ಋಣಿ. ಫೋನ್ ಇನ್ನೂ ಬಂದಿಲ್ಲ. ನಮಸ್ಕಾರ.