ಖಾಲಿ ಚೊಂಬಲ್ಲಿ ಮೂರು ಸಲ ನೀರು ಕುಡಿದದ್ದು

ಖಾಲಿ ಚೊಂಬು ಕೊಟ್ಟು, ನಾನು ನೀರು ಕುಡೀತಿದ್ದೀನಿ ಅಂತ ಫೋಟೊ ಹೊಡೆದ್ರು ಕಣವ್ವ, ಅದು ದ್ರೋಹ. ಅದಕ್ಕೇ ಹೇಳ್ತಿರೋದು, ಪಂಚಾಯ್ತಿಯವರು ಕರೆದ್ರು ಅಂತ ನಾಳೆ ಹೋಗಿ, ಆ ಹೊಸ ನಲ್ಲಿ ಮುಂದೆ ಹೆಂಗಸರ ಸೊಂಟಕ್ಕೆ ಖಾಲಿ ಬಿಂದಿಗೆ ಇಡಿಸಿ ನಗಿಸಿ ಫೋಟೊ ತೆಗೀಬೇಡ. ನಲ್ಲೀಲಿ ಇನ್ನೂ ಒಂದು ತೊಟ್ಟು ಬಂದಿಲ್ಲ. ಫೋಟೊಗ್ರಾಫರ್ ಆಗಿದ್ದೀಯ, ಸರಿ, ನಿನ್ನ ತಾತನ ಗಂಟಲಲ್ಲಿ ಏನು ಇಳೀತು ಅಂತ ಮೊದಲು ಕೇಳು.

ನಂಗೆ ಆಗ ಎಂಟು. ಅಲ್ಲ, ಒಂಬತ್ತು ಅಂತಿಟ್ಕೊ. ನರಸೀಪುರ ತಾಲ್ಲೂಕಿನ ನಮ್ಮೂರಲ್ಲಿ ಮೇಲಿನ ಬೀದಿ ಬಾವಿ ನಮಗಿಲ್ಲ, ಕೆಳಗಿನ ಕೇರಿಯವರು ನಾಲೆ ನೀರೇ ಕುಡಿಯೋದು. ಯಾರೋ ದೊಡ್ಡ ಸಾಹೇಬ್ರಿಗೆ, ಇಲ್ಲಿ ಎಲ್ಲಾರೂ ಒಂದೇ ಬಾವಿ ನೀರು ಕುಡೀತಾರೆ ಅಂತ ಫೋಟೊ ಕಳಿಸಬೇಕಿತ್ತಂತೆ. ನಂಜನಗೂಡಿಂದ ಫೋಟೊದವನು ಬಂದ, ಮೂರು ಕಾಲಿನ ಕ್ಯಾಮೆರಾ, ತಲೆ ಮೇಲೆ ಕರಿ ಬಟ್ಟೆ. ಕೇರಿಯಿಂದ ನನ್ನ ಆರಿಸಿದ್ರು, ಯಾಕಂದ್ರೆ ನನ್ನ ಅಂಗೀಲಿ ತೂತು ಕಮ್ಮಿ ಇತ್ತು. ಊರ ಯಜಮಾನ್ರು, ಬಾವೀನ ಅವರಪ್ಪನೇ ಹೆತ್ತಂಗೆ ಆಡೋರು, ಅವರ ಮನೆ ಹಿತ್ತಾಳೆ ಚೊಂಬು ತಂದು ಕಟ್ಟೆ ಅಂಚಲ್ಲಿ ಇಟ್ರು. ತಗೊಂಡೆ. ಖಾಲಿ. ಮುಟ್ಟಿದ ಚೊಂಬನ್ನ ಹುಣಸೆಹಣ್ಣು ಹಾಕಿ ಉಜ್ಕೊಬೋದು, ಕುಡಿದ ನೀರನ್ನ ಈಚೆ ತೆಗೆಯೋಕಾಯ್ತದಾ? ಅದು ಅವರ ಯೋಚ್ನೆ.

ಈಗ ಕೇಳು. ನಮ್ಮ ಕಡೆ ಯಾರಾದ್ರೂ ಚೊಂಬು ಕಚ್ಚಿ ಕುಡೀತಾರಾ? ಎತ್ತಿ ಸುರ್ಕೊತಾರೆ. ನಾನೂ ಎತ್ತಿ ಹಿಡಿದು ಬಾಯಿ ಕಳೆದೆ. ಕರಿ ಬಟ್ಟೆ ಒಳಗಿಂದ ಫೋಟೊದವನು, "ಯಜಮಾನ್ರೆ, ಧಾರೆ ಕಾಣ್ತಿಲ್ಲ" ಅಂದ. ಎಲ್ಲಾರೂ ನಿಂತು ಯೋಚ್ನೆ ಮಾಡಿದ್ರು. ಚೊಂಬಲ್ಲಿ ನೀರು ಹಾಕೋಣ ಅಂತ ಮಾತ್ರ ಒಬ್ಬನಿಗೂ ಹೊಳೀಲಿಲ್ಲ. ಆಮೇಲೆ ಯಜಮಾನ್ರು, "ಕಚ್ಚಿ ಕುಡೀಲಾ, ಗಂಟ್ಲು ಆಡ್ಲಿ" ಅಂದ್ರು. ತುಟಿಗಿಟ್ಟು ಗುಟುಕಿಸಿದೆ. ಮೋಡ ಬಂತು, ಮತ್ತೆ ಕುಡಿ ಅಂದ್ರು. ನೊಣ ಬಂತು, ಮತ್ತೆ. ಮೂರನೇ ಸಲಕ್ಕೆ ಯಜಮಾನ್ರು, "ಸಾಕು, ಅತಿಯಾಗಿ ಕುಡೀಬ್ಯಾಡ" ಅಂತ ಬೇರೆ.

ಅಷ್ಟ್ರಲ್ಲಿ ಅವರ ತಾಯಿ ಬಂದ್ರು. ಮನೆ ಚೊಂಬನ್ನ ಎಂಜಲು ಮಾಡಿಸಿದ್ದೀಯಲ್ಲೋ ಅಂತ ಮಗನ್ನ ಬೈದು, ಊರುಗೋಲಲ್ಲಿ ನನ್ನ ಕೈಗೊಂದು ಬಿಟ್ರು. ಚೊಂಬು ಹಾರಿ ಬಾವಿಗೆ ಬಿತ್ತು. ಇಡೀ ಬಾವಿ ಮೈಲಿಗೆ. ನಾಕು ದಿನ ನೀರು ಸೇದಿ ಸೇದಿ ಹೊರಗೆ ಚೆಲ್ಲಿದ್ರು. ಆ ನಾಕು ದಿನ ಮೇಲಿನ ಬೀದಿ ಅಷ್ಟೂ ಜನ ಬಿಂದಿಗೆ ತಗೊಂಡು ನಮ್ಮ ನಾಲೆ ಮೆಟ್ಟಿಲಿಗೇ ಬಂದ್ರು. ನಮ್ಮಜ್ಜಿ ಅವರಿಗೆಲ್ಲ, "ಒಸಿ ತಾಳ್ರವ್ವ, ಕೆಸರು ಕೂರ್ಲಿ" ಅಂತ ಹೇಳ್ಕೊಡೋಳು. ಎಲ್ಲಾರೂ ಒಂದೇ ನೀರು ಕುಡಿದದ್ದು ಆಗ ಕಣವ್ವ. ಅದರ ಫೋಟೊ ಒಬ್ಬನೂ ತೆಗೀಲಿಲ್ಲ.

ಹೋದ ವರ್ಷ ಮೈಸೂರಲ್ಲಿ ಫೋಟೊ ಪ್ರದರ್ಶನಕ್ಕೆ ಕರ್ಕೊಂಡು ಹೋಗಿದ್ಯಲ್ಲ. ಯಾವುದೋ ಊರಿನ ಹೆಂಗಸು ಬೊಗಸೆ ಹಿಡಿದು ಕೂತವ್ಳೆ, ಮೇಲಿಂದ ಬಳೆ ಹಾಕಿದ ಕೈಯೊಂದು ದೂರದಿಂದ ನೀರು ಹುಯ್ತಾ ಅದೆ. ನೀನು ಬೆಳಕು ನೋಡು ತಾತ, ನೆರಳು ನೋಡು ಅಂತಿದ್ದೆ. ನಾನು ಬಗ್ಗಿ ನೋಡಿದ್ದು ನೀರು ಅದ್ಯಾ ಅಂತ. ಇತ್ತು. ಅವಳ ಮೊಣಕೈವರೆಗೂ ಹರಿದಿತ್ತು. ತೆಗೆದವನು ಹೇಳ್ಕೊಟ್ಟಿಲ್ಲ, ಕಾದವ್ನೆ. ಆ ದೂರಾನೂ ಮುಚ್ಚಿಟ್ಟಿಲ್ಲ. ಕಣ್ಣು ಒರೆಸ್ಕೊಂಡು ಇನ್ನೂ ಹತ್ತಿರ ಹೋದ್ರೆ ಕಾವಲಿನವನು ಬಂದು, ಗಾಜಿಗೆ ಮೂಗು ತಾಗಿಸಬೇಡಿ ಅಂದ.

ಹಸಿದವನ ಮುಂದೆ ಬರೀ ಎಲೆ ಹಾಸಿದ್ರೆ ಊಟ ಆಗಲ್ಲ, ಅಷ್ಟೇ. ನಾಳೆ ಹೋಗು. ಒಣಗಿದ ನಲ್ಲೀನ ಒಣಗಿದಂಗೇ ತೆಗಿ, ನಗಿ ಅಂತ ಒಬ್ಬರಿಗೂ ಹೇಳಬೇಡ. ನೀವೂ ಅಷ್ಟೇ ಕಣ್ರೋ, ಜಗಲಿ ಮೇಲೆ ಕೈಗೊಂದು ಫೋನು ಹಿಡ್ಕೊಂಡು ಕೂತಿದ್ದೀರಲ್ಲ, ಏಳಿ. ಇವಳ ಜೊತೆ ನಡೀರಿ, ನಲ್ಲಿ ತಿರುವಿ, ಏನು ಬರ್ತದೋ ಅದನ್ನೇ ತೆಗೀರಿ.